ವಸೀಲಾಳ ಎದೆಯ ಮೇಲಿನ ಸುಂಕ

ಬಂದರಿನ ಸುಂಕದ ಮುಖ್ಯಾಧಿಕಾರಿಗಳೇ,

ಹೊರದೇಶದಿಂದ ಬರುವ ಹೆಂಗಸರ ಒಳಉಡುಪು ವಿಲಾಸವಸ್ತು ಎಂದು ತಮ್ಮ ಕಚೇರಿ ತೀರ್ಮಾನಿಸಿದೆ. ಅತ್ತರಿನ ಪಕ್ಕದಲ್ಲಿ ಅದನ್ನು ಕೂರಿಸಿ ಸುಂಕ ಏರಿಸಿದ್ದೀರಿ. ಹಳೇ ಪೇಟೆಯಲ್ಲಿ ಒಳಉಡುಪಿನ ಅಂಗಡಿ ಇಟ್ಟುಕೊಂಡಿರುವ ನನಗೆ ಇದರಿಂದ ನಷ್ಟವಾಗಿದೆ, ನಿಜ. ವ್ಯಾಪಾರಿಗಳ ಗೋಳು ಕೇಳಿ ಕೇಳಿ ತಮ್ಮ ಕಿವಿ ಗಟ್ಟಿಯಾಗಿರುವುದರಿಂದ ಅದನ್ನು ಬಿಡುತ್ತೇನೆ. ನನ್ನ ತಕರಾರು ಒಂದು ಎದೆಯ ಬಗ್ಗೆ.

ನನ್ನ ನಾದಿನಿ ವಸೀಲಾ ಊರಾಚೆಯ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಯುರೋಪಿನ ಹೆಂಗಸರಿಗೆ ಬ್ರಾ ಹೊಲಿಯುತ್ತಿದ್ದವಳು. ಆ ಮಾಲು ಹಡಗು ಹತ್ತುವುದಕ್ಕೆಂದೇ ಹುಟ್ಟಿದ್ದು, ಊರೊಳಗೆ ಮಾರುವಂತಿಲ್ಲ. ಅವಳಿಗೆ ಕ್ಯಾನ್ಸರ್ ಬಂತು. ಎಡಗಡೆಯ ಎದೆಯನ್ನು ತೆಗೆದರು. ಆ ಕಡೆಯ ಕೈ ಬಾತುಕೊಂಡು ಹೊಲಿಗೆಯೂ ನಿಂತಿತು. ಜೀವ ಉಳಿಯಿತಲ್ಲ, ದೇವರು ದೊಡ್ಡವನು ಎಂದೆವು. ಉಳಿದ ಜೀವ ಮನೆಯಿಂದ ಹೊರಗೆ ಕಾಲಿಡಬೇಕಲ್ಲ, ಅದರ ಯೋಚನೆ ನಮಗಿರಲಿಲ್ಲ. ಅವಳು ತೆಳುಬಟ್ಟೆಯ ಚೀಲದಲ್ಲಿ ಸಜ್ಜೆ ತುಂಬಿ, ಹಳೆಯ ಬ್ರಾದೊಳಗೆ ಇಟ್ಟುಕೊಂಡು ಓಡಾಡತೊಡಗಿದಳು.

ನನ್ನ ಮಗಳ ಮದುವೆಯಲ್ಲಿ ಹೆಂಗಸರೆಲ್ಲ ಕುಣಿಯುತ್ತಿದ್ದಾಗ ಆ ಚೀಲ ಸರಿದು ಕತ್ತಿನ ಹತ್ತಿರ ಬಂತು. ವಿಷಯ ಗೊತ್ತಿಲ್ಲದ ಬೀಗರ ಕಡೆಯ ಹೆಂಗಸೊಬ್ಬಳು, "ಏನಮ್ಮಾ, ನಿಂದೊಂದು ಹಾಡು ಕೇಳೋಕೆ ಮೇಲಕ್ಕೆ ಹತ್ತಿಬಿಟ್ಟಿದೆಯಲ್ಲ" ಎಂದಳು. ಸುತ್ತ ಇದ್ದವರೆಲ್ಲ ನಕ್ಕರು. ವಸೀಲಾಳೂ ನಕ್ಕಳು. ಹಾಡು ಮುಗಿಯುವವರೆಗೂ ಕುಣಿದಳು. ಆಮೇಲೆ ಶಾಲು ಹೊದ್ದು ಹೋದವಳು ಮತ್ತೆ ಯಾರ ಮನೆಗೂ ಬರಲಿಲ್ಲ. ಹೆಂಗಸರೆಲ್ಲ ಒಟ್ಟಿಗೆ ಸ್ನಾನ ಮಾಡುವ ಹಮ್ಮಾಮಿಗೆ ಹೋಗುವುದನ್ನೂ ಬಿಟ್ಟಳು.

ಶಸ್ತ್ರಚಿಕಿತ್ಸೆಯಾದವರಿಗೆಂದೇ ಒಳಜೇಬಿರುವ ಬ್ರಾಗಳಿವೆ. ಅದರೊಳಗೆ ಇಡುವ, ಎದೆಯಷ್ಟೇ ತೂಕದ ಮೆತ್ತನೆಯ ಅಚ್ಚುಗಳೂ ಇವೆ. ಫ್ರಾನ್ಸಿನಿಂದ ಒಂದು ಪೆಟ್ಟಿಗೆ ತರಿಸಿದೆ. ತಮ್ಮ ಸುಂಕದ ಕಟ್ಟೆಯಲ್ಲಿ ಅದು ಸಿಕ್ಕಿಕೊಂಡಿತು. ವಸೀಲಾಳನ್ನು ಬಲವಂತದಿಂದ ಹೊರಡಿಸಿಕೊಂಡು ಬಂದೆ. ತಮ್ಮ ಕೈಕೆಳಗಿನವರು ಒರಟರಲ್ಲ, ಅದನ್ನು ಹೇಳಲೇಬೇಕು. ನಮಗೆ ಕುರ್ಚಿ ಕೊಟ್ಟರು.

"ಹೆಂಗಸರ ಒಳಉಡುಪು. ವಿಲಾಸದ ಸುಂಕ ಬೀಳುತ್ತಮ್ಮ" ಎಂದರು ಅವರಲ್ಲೊಬ್ಬರು.

"ಇದು ಕಾಯಿಲೆಯವರಿಗೆ, ಅಪ್ಪಾ" ಎಂದೆ ನಾನು.

"ಕೃತಕ ಕಾಲಾಗಿದ್ರೆ ಹಾಗೇ ಬಿಡ್ತಿದ್ದೆ. ಕಾಲು ನಡೆಯೋಕೆ ಬೇಕು. ಇದು ಯಾತಕ್ಕೆ ಬೇಕು, ನೀವೇ ಹೇಳಿ."

ವಸೀಲಾ ತಲೆಯೆತ್ತಲಿಲ್ಲ. "ಬಸ್ಸಲ್ಲಿ ಕೂತ್ಕೊಳ್ಳೋಕೆ" ಎಂದಳು.

ಅವರಿಗೆ ಅರ್ಥವಾಗಲಿಲ್ಲ. ಅಥವಾ ಅರ್ಥವಾಗಿ, ಏನು ಮಾಡಬೇಕೆಂದು ತಿಳಿಯಲಿಲ್ಲ. "ಮೇಲಿನವರು ಬರೆದುಕೊಟ್ಟರೆ ನೋಡೋಣ" ಎಂದರು. ಮೇಲಿನವರು ಎಂದರೆ ತಾವು. ತಮ್ಮ ಬಾಗಿಲಿಗೆ ಎಷ್ಟು ಸಲ ಬಂದೆನೋ ಲೆಕ್ಕವಿಟ್ಟಿಲ್ಲ. ತಾವು ಸಭೆಯಲ್ಲಿದ್ದಿರಿ. ಅದಕ್ಕೇ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ದೇಶದ ಕೈಗಾರಿಕೆಯನ್ನು ಕಾಯಲು ಸುಂಕ ಬೇಕು ಎನ್ನುತ್ತೀರಿ. ಕಾಯಿರಿ, ಬೇಡವೆಂದವರು ಯಾರು? ನಮ್ಮ ಊರಿನ ಹೆಣ್ಣುಮಕ್ಕಳು ಹೊಲಿದದ್ದನ್ನು ನಾನೂ ಮಾರುತ್ತೇನೆ. ಆದರೆ ಎದೆ ಕಳೆದುಕೊಂಡವಳಿಗೆ ಬೇಕಾದದ್ದನ್ನು ಇಲ್ಲಿ ಯಾರು ಮಾಡುತ್ತಿದ್ದಾರೆ? ಯಾರ ಹೊಟ್ಟೆಪಾಡನ್ನು ವಸೀಲಾಳಿಂದ ರಕ್ಷಿಸುತ್ತಿದ್ದೀರಿ? ಸಜ್ಜೆ ಬೆಳೆಯುವವರದ್ದೇ? ಮತ್ತೆ ವಿಲಾಸ ಎಂದರೇನು, ಸ್ವಾಮಿ? ಜನ ತನ್ನ ಮುಖ ನೋಡಿ ಮಾತಾಡಲಿ ಎಂದು ಹೆಂಗಸು ಆಸೆಪಡುವುದೇ?

ಅಷ್ಟು ಸುಂಕ ಕಟ್ಟಲು ನನ್ನ ಕೈಲಾಗಲಿಲ್ಲ. ಯಾರೂ ಬಿಡಿಸಿಕೊಳ್ಳದ ಮಾಲೆಂದು ತಮ್ಮ ಕಚೇರಿ ಆ ಪೆಟ್ಟಿಗೆಯನ್ನು ಹರಾಜು ಹಾಕಿತು. ಹಳೇ ಬಟ್ಟೆಯ ಸಂತೆಯಲ್ಲಿ ಅದನ್ನು ಕಂಡೆ. ಕೊಂಡವನಿಗೆ ಅದೇನೆಂದು ಗೊತ್ತಿರಲಿಲ್ಲ. ಅಂಗಿಗಳು ಚೆನ್ನಾಗಿ ನಿಲ್ಲಲಿ ಎಂದು ಆ ಅಚ್ಚುಗಳನ್ನು ತನ್ನ ಪ್ಲಾಸ್ಟಿಕ್ ಗೊಂಬೆಗಳ ಎದೆಗೆ ಕಟ್ಟಿದ್ದ.

"ಬಟ್ಟೆ ತಗೊಳ್ಳಕ್ಕಾ, ಒಳಗಿಂದು ಯಾಕೆ?" ಎಂದ.

"ಒಳಗಿಂದೇ ಬೇಕು."

ತಮ್ಮ ಸುಂಕಕ್ಕಿಂತ ಅಗ್ಗಕ್ಕೆ ಕೊಟ್ಟ. ಜೇಬಿನ ಬ್ರಾ ಒಂದೂ ಉಳಿದಿರಲಿಲ್ಲ. ಸಿಕ್ಕಿದ ಅಚ್ಚುಗಳನ್ನು ತಂದು ತೊಳೆದೆ. ವಸೀಲಾ ಒಂದನ್ನು ಅಂಗೈಯಲ್ಲಿ ಹಿಡಿದು ತೂಗಿ ನೋಡಿದಳು.

"ಇಷ್ಟು ಭಾರ ಇರ್ತಿತ್ತಾ ಅತ್ತಿಗೆ? ಮರೆತೇ ಹೋಗಿತ್ತು" ಎಂದಳು.

ಈಗ ಹಳೆಯ ಬ್ರಾಗೆ ಒಳಗಿನಿಂದ ಬಟ್ಟೆ ಹೊಲಿದು ಅದನ್ನು ಇಟ್ಟುಕೊಳ್ಳುತ್ತಾಳೆ. ಆಸ್ಪತ್ರೆಗೆ ತಪಾಸಣೆಗೆ ಒಬ್ಬಳೇ ಹೋಗಿಬರುತ್ತಾಳೆ. ಮದುವೆಮನೆಗಳಿಗೆ ಇನ್ನೂ ಬರುವುದಿಲ್ಲ. ಆಸ್ಪತ್ರೆಯಲ್ಲಿ ಅವಳ ಪಕ್ಕ ಕೂರುವ ಹೆಂಗಸರು ನನ್ನ ಅಂಗಡಿ ಹುಡುಕಿಕೊಂಡು ಬರುತ್ತಿದ್ದಾರೆ. ಮಾತಾಡುವ ಮೊದಲು ಹಿಂದೆ ತಿರುಗಿ ಬಾಗಿಲು ಮುಚ್ಚುತ್ತಾರೆ. ಅವರಿಗೆ ಏನು ಹೇಳಲಿ? ಮುಂದಿನ ಹರಾಜಿನವರೆಗೆ ಕಾಯಿರಿ ಎನ್ನಲೇ?

ರಿಯಾಯಿತಿ ಬೇಡ, ಕರುಣೆಯೂ ಬೇಡ. ಈ ವಸ್ತುಗಳನ್ನು ವಿಲಾಸದ ಸಾಲಿನಿಂದ ತೆಗೆದು ಕೃತಕ ಕಾಲಿನ ಸಾಲಿಗೆ ಸೇರಿಸಿ. ಆಗದಿದ್ದರೆ, ಯಾಕೆ ಆಗದು ಎಂಬುದನ್ನು ಇದೇ ಪತ್ರಿಕೆಯಲ್ಲಿ, ತಮ್ಮ ಮನೆಯ ಹೆಂಗಸರು ಓದುವಂತೆ ಬರೆಯಿರಿ.

ಇಂತಿ,
ತಮ್ಮ ದೃಷ್ಟಿಯಲ್ಲಿ ವಿಲಾಸದ ವ್ಯಾಪಾರಿ,
ಮುಂಜಿಯಾ
ಟ್ಯುನೀಷಿಯಾದ ಕಡಲತಡಿಯ ಒಂದು ಊರಿನಿಂದ