ಅರ್ಧ ದಾರಿಯಿಂದ ಇಳಿದು ಬಂದೆ

ಮುದ್ದು ತಮ್ಮಾ,

ಬೆಟ್ಟದ ಮೇಲಿನ ನಿನ್ನ ಮನೆಗೆ ನಾನು ಬರಲಿಲ್ಲವೆಂದು ಮುನಿಸಿಕೊಂಡಿದ್ದೀಯಂತೆ. "ಅಕ್ಕನಿಗೆ ನನ್ನ ಮಗಳನ್ನ ನೋಡೋ ಆಸೆಯೇ ಇಲ್ಲ" ಅಂದೆಯಂತೆ. ನಿನ್ನ ಹೆಂಡತಿ ಫೋನಿನಲ್ಲಿ ಹೇಳಿದಳು. ಅದಕ್ಕೇ ಬರೆಯುತ್ತಿದ್ದೇನೆ.

ಹೊರಟಿದ್ದೆ ಕಣೋ. ನನ್ನ ರಕ್ತಹೀನತೆ ಇಂದು ನಿನ್ನೆಯದಲ್ಲವಲ್ಲ, ಹೊಲಿಗೆ ಅಂಗಡಿಗೆ ಬೀಗ ಹಾಕುವ ಮೊದಲೇ ನಮ್ಮ ಡಾಕ್ಟರಮ್ಮನಿಗೆ ತೋರಿಸಿದೆ. ಅವರು ಪರೀಕ್ಷೆ ಮಾಡಿಸಿ, ರಕ್ತದ ಪ್ರಮಾಣ ತುಸು ಏರುವವರೆಗೆ ಕಾಯಿಸಿದರು. "ಅಷ್ಟು ಎತ್ತರದಲ್ಲಿ ಗಾಳಿ ತೆಳು, ನಿಮ್ಮಲ್ಲಿ ರಕ್ತ ಮೊದಲೇ ಕಮ್ಮಿ. ಒಂದೇ ಸಲಕ್ಕೆ ಹತ್ತಬೇಡಿ, ನಡುವಿನ ಊರಲ್ಲಿ ತಂಗಿ. ಸುಮ್ನೆ ಕೂತಾಗಲೂ ಏದುಸಿರು ಬಂದ್ರೆ ಹಟ ಮಾಡ್ಬೇಡಿ, ಇಳಿದುಬಿಡಿ" ಅಂದರು. ತಲೆಯಾಡಿಸಿದೆ. ಮನಸ್ಸಿನಲ್ಲಿ ಆಗಲೇ ನಿನ್ನ ಮಗಳಿಗೆ ಸ್ನಾನ ಮಾಡಿಸುತ್ತಿದ್ದೆ.

ನಡುವಿನ ಊರಿನ ಲಾಡ್ಜಿನಲ್ಲಿ ಮಹಡಿ ಮೆಟ್ಟಿಲು ಏರುವಾಗಲೇ ಕಾಲು ಸೋತವು. ದಣಿವು ಅಂದುಕೊಂಡೆ. ಬೆಳಿಗ್ಗೆ ಎದ್ದರೆ ತಲೆ ಸಿಡಿಯುತ್ತಿತ್ತು. ಹಾಸಿಗೆಯಲ್ಲಿ ಕೂತಿದ್ದರೂ ಎದೆ ಡವಡವ. ಎಷ್ಟು ಎಳೆದುಕೊಂಡರೂ ಉಸಿರು ಗಂಟಲಿನಿಂದ ಕೆಳಗಿಳಿಯದು. ಮುಖ ತೊಳೆಯಲು ಹೋಗಿ ಕನ್ನಡಿ ನೋಡಿದೆ. ತಮ್ಮಾ, ಅಲ್ಲಿದ್ದದ್ದು ಅಮ್ಮ. ನಿನ್ನನ್ನು ಹೆತ್ತು, ರಕ್ತ ಸಾಲದೆ ಹೋದಳಲ್ಲ, ಆ ದಿನದ ಅಮ್ಮ. ಅದೇ ಬಿಳಿಚಿದ ಮುಖ, ಬಣ್ಣವೇ ಇಲ್ಲದ ತುಟಿ. ನೀನು ಆ ಮುಖ ಕಂಡವನಲ್ಲ. ನಾನು ಕಂಡಿದ್ದೇನೆ, ನಿನ್ನನ್ನು ಮಡಿಲಲ್ಲಿಟ್ಟುಕೊಂಡು.

ಕೆಳಗೆ ನಿನ್ನೂರಿನ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಇನ್ನರ್ಧ ದಾರಿ ತಾನೇ, ಹತ್ತಿಬಿಡೋಣ ಅನ್ನಿಸಿತು. ಎತ್ತಿದ ಚೀಲ ಕೈಯಿಂದ ಜಾರಿಬಿತ್ತು. ಸದ್ದು ಕೇಳಿ ಬಂದ ಲಾಡ್ಜಿನ ಯಜಮಾನಿ ನನ್ನನ್ನು ನೋಡಿ ಗಾಬರಿಯಾದಳು.

"ಎಲ್ಲಿಗಮ್ಮಾ ಹೊರಟಿದ್ದು?"

"ತಮ್ಮನ ಮಗು ನೋಡೋಕೆ."

"ನೋಡೋಕೆ ನೀವಿರಬೇಕಲ್ವಾ!" ಅಂದವಳೇ ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿ ಮೂಗಿಗೆ ಆಕ್ಸಿಜನ್ ಕೊಳವೆ ಸಿಕ್ಕಿಸಿ, ಆಂಬುಲೆನ್ಸಿನಲ್ಲೇ ಕೆಳಗೆ ಕಳಿಸಿದರು. ತಿರುವುಗಳನ್ನು ಇಳಿದಂತೆಲ್ಲ ಉಸಿರು ಮರಳಿತು. ನಿನ್ನಿಂದ ದೂರವಾಗುತ್ತಿದ್ದೇನೆಂದು ದಾರಿಯುದ್ದಕ್ಕೂ ಅತ್ತೆ.

ನೀನು ಗಾಬರಿಯಾಗುತ್ತೀಯೆಂದು ಆಗ ತಿಳಿಸಲಿಲ್ಲ. ಈಗ ಮನೆಯಲ್ಲಿ ಚೇತರಿಸಿಕೊಳ್ಳುತ್ತಿದ್ದೇನೆ. ಹೆದರಿಕೆ ಮಾತ್ರ ಹೋಗಿಲ್ಲ. ಅದೀಗ ನನ್ನ ಬಗ್ಗೆ ಅಲ್ಲ. ಈ ಕಾಯಿಲೆ ನನಗೆ ಅಮ್ಮನಿಂದ ಬಂದದ್ದಂತೆ, ಡಾಕ್ಟರಮ್ಮ ಹೇಳಿದರು. ನಿನ್ನ ಮಗಳ ಫೋಟೊ ನೋಡಿದವರೆಲ್ಲ "ಎಷ್ಟು ಬೆಳ್ಳಗಿದ್ದಾಳೆ!" ಅಂತ ಮೆಚ್ಚುತ್ತಾರೆ. ನನ್ನ ಎದೆ ಧಸಕ್ಕೆನ್ನುತ್ತದೆ. ಮುನಿಸು ಆಮೇಲೆ ಇಟ್ಟುಕೋ. ಅವಳ ರಕ್ತ ಪರೀಕ್ಷೆ ಮಾಡಿಸು, ನಿನ್ನದೂ. ಇವತ್ತೇ.

ಕೂಸಿನ ಕೆನ್ನೆ ಸದಾ ಕೆಂಪಗಿರಲಿ.

ನಿನ್ನನ್ನು ಎತ್ತಿ ಆಡಿಸಿದ,
ಅಕ್ಕ