ಕೈ ಹಿಂದೆ ಕಟ್ಟಿಕೊಂಡ ಮಗು

ದೇವದುರ್ಗ
ಸೋಮವಾರ, 14 ಜುಲೈ 2025

ವೇದಶ್ರೀಯ ಅಪ್ಪನವರಿಗೆ ನಮಸ್ಕಾರ.

ತವರಿನಲ್ಲಿ ನಾವಿಬ್ಬರೂ ಕ್ಷೇಮ. ಗುರುವಾರ ಬಂದು ಮಗಳನ್ನು ರಾಯಚೂರಿಗೆ, ಕಿವಿ ಕೇಳದ ಮಕ್ಕಳಿಗೆ ಬಾಯಿಮಾತನ್ನೇ ಕಲಿಸುವ ಆ ಶಾಲೆಯ ಹಾಸ್ಟೆಲ್ಲಿಗೆ ಒಯ್ಯುವುದಾಗಿ ತಿಳಿಸಿದ್ದೀರಿ. ನಾನು ಕಳಿಸುವುದಿಲ್ಲ. ಫೋನಿನಲ್ಲಿ ಇಷ್ಟು ಹೇಳುವಷ್ಟರಲ್ಲಿ ನೀವು ಪಾಠ ಶುರು ಮಾಡುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ.

ಮಾನ್ವಿಯ ಮನೆಯಲ್ಲಿ ಅತ್ತೆಯವರ ಸೆರಗಿಗೆ ಬೆಂಕಿ ಹತ್ತಿದಾಗ ವೇದಶ್ರೀ ಗೊಂಬೆಯಂತೆ ನಿಂತಿದ್ದಳು, ಅವಳಿಗೆ ಬುದ್ಧಿ ಬೆಳೆದಿಲ್ಲ ಎಂದಿರಿ. ನೀವು ಆಗ ಮನೆಯಲ್ಲಿರಲಿಲ್ಲ. ನಾನು ಹಿತ್ತಿಲ ಬಾಗಿಲಿಂದ ಕಂಡೆ. ಅತ್ತೆಯವರು ಮಡಿಯಲ್ಲಿ ಒಲೆಯ ಮುಂದಿದ್ದರು. ಮಡಿಯಲ್ಲಿದ್ದಾಗ ಮುಟ್ಟಬಾರದೆಂದು ಅವಳಿಗೆ ಹೇಳಿದ್ದೆವು. ಸನ್ನೆ ಮಾಡಬಾರದು, ಕೈ ಹಿಂದೆ ಕಟ್ಟಿಕೊಂಡು ಬಾಯಿಂದಲೇ ಹೇಳಬೇಕೆಂದು ನೀವು ಕಲಿಸಿದ್ದಿರಿ. ಐದು ವರ್ಷದ ಮಗು ಎರಡನ್ನೂ ಪಾಲಿಸಿತು. ನೀವು ಹೇಳಿಕೊಟ್ಟ 'ಫೈರ್' ಎಂಬ ಇಂಗ್ಲಿಷ್ ಮಾತಿಗಾಗಿ ತುಟಿ ಕಚ್ಚಿ ಬರೀ ಗಾಳಿ ಊದುತ್ತಿತ್ತು. ದನಿ ಬರಲಿಲ್ಲ. ನಾನು ಓಡಿ ಬಂದು ನೀರು ಸುರಿಯುವಷ್ಟರಲ್ಲಿ ಅತ್ತೆಯವರ ತೋಳು ಸುಟ್ಟಿತ್ತು.

ಅವರಿಗೂ ಇದು ಗೊತ್ತು. 'ಕೂಸು ನನ್ನ ಬೆನ್ನ ಹಿಂದೆನೇ ನಿಂತಿತ್ತು, ನಾ ತಿರುಗಿ ನೋಡ್ಲಿಲ್ಲವ್ವಾ' ಎಂದು ನನ್ನ ಮುಂದೆ ಅತ್ತರು. ನಿಮ್ಮೆದುರು ಹೇಳಲು ಅಂಜುತ್ತಾರೆ.

ಒಂದು ದನಿ ಬದಲಾದರೆ ಮಾತೇ ಬದಲು ಎಂದು ಪ್ಯಾಟ್, ಬ್ಯಾಟ್ ಹೇಳಿ ನಿಮ್ಮ ಶಾಲೆಯ ಮಕ್ಕಳಿಗೆ ತಿಳಿಸುವವರು ನೀವು. ಇವಳಿಗೆ ಕಾಣುವುದು ತುಟಿ; ತುಟಿಯ ಮೇಲೆ ಅವೆರಡೂ ಒಂದೇ. ಇಲ್ಲಿ ವಾಹಿದಾ ಟೀಚರ್ ಹತ್ತಿರ ಸನ್ನೆ ಕಲಿಯುತ್ತಿದ್ದೇವೆ. ಅವರ ತಮ್ಮನಿಗೂ ಕಿವಿ ಕೇಳದು. 'ಇದು ಮಂಗ್ಯಾನಾಟ ಅಲ್ರೀ ಅಕ್ಕಾರ, ಇದೂ ಒಂದು ಭಾಷಾನ ಅದ' ಎನ್ನುತ್ತಾರೆ. ಬೆರಳು ಹೇಗೆ ಮಡಚಿದೆ, ಕೈ ಮೈಯ ಯಾವ ಜಾಗದಲ್ಲಿದೆ, ಅಂಗೈ ಎತ್ತ ನೋಡುತ್ತಿದೆ, ಕೈ ಎತ್ತ ಸರಿಯಿತು, ಮುಖ ಏನನ್ನುತ್ತಿದೆ; ಒಂದು ತಪ್ಪಿದರೂ ಬೇರೆಯೇ ಮಾತು, ನಿಮ್ಮ ದನಿಗಳ ಹಾಗೆಯೇ. ನನ್ನ ಬೆರಳುಗಳು ಇನ್ನೂ ತೊದಲುತ್ತವೆ. ಮಗಳೇ ತಿದ್ದುತ್ತಾಳೆ, ಥೇಟ್ ನಿಮ್ಮಂತೆ ಹುಬ್ಬು ಗಂಟಿಕ್ಕಿ. ನಿನ್ನೆ ಹಾಲು ಉಕ್ಕುತ್ತಿದೆ ಎಂದು ಬಾಗಿಲಲ್ಲಿ ನಿಂತು ಕೈಯಲ್ಲೇ ಹೇಳಿದಳು. ಒಲೆ ಆರಿಸಿ ಅಲ್ಲೇ ಕೂತು ಅತ್ತುಬಿಟ್ಟೆ.

ಇಂಗ್ಲಿಷ್ ಮಾಸ್ತರರ ಮಗಳು ಮೂಕಿ ಎಂದು ಜನ ಆಡಿಕೊಳ್ಳುತ್ತಾರೆಂಬುದು ನಿಮ್ಮ ಸಂಕಟ. ಗಡಿಗೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ? ಅದಕ್ಕಾಗಿ ಮಗಳ ಕೈ ಕಟ್ಟಬೇಡಿ.

ಅವಳ ಬಟ್ಟೆ ಕಟ್ಟಿಟ್ಟಿಲ್ಲ. ಒತ್ತಾಯದಿಂದ ಒಯ್ದರೆ ನಾನು ಮಾನ್ವಿಗೆ ಮರಳುವುದಿಲ್ಲ. ಬರೆಯಲು ಭಯವಾಗುತ್ತಿದೆ, ಆದರೂ ಬರೆದಿದ್ದೇನೆ.

ನಿಮ್ಮ
ಪೂರ್ಣಶ್ರೀ

ತಾ.ಕ.: ಸನ್ನೆಯಲ್ಲಿ ಮಾತಾಡುವವರು ತಮ್ಮವರಿಗೆಲ್ಲ ಒಂದೊಂದು ಸನ್ನೆಯ ಹೆಸರಿಡುತ್ತಾರೆ. ಅತ್ತೆಯವರಿಗೆ ಅವಳಿಟ್ಟದ್ದು ಮೂಗುಬೊಟ್ಟು, ನನಗೆ ಕೆನ್ನೆಯ ಗುಳಿ. ನಿಮಗೂ ಇಟ್ಟಿದ್ದಾಳೆ: ಒಂದು ಕೈಯಿಂದ ಇನ್ನೊಂದರ ಮಣಿಕಟ್ಟನ್ನು ಬಿಗಿಯಾಗಿ ಹಿಡಿಯುವುದು. ನಾನು ಕಲಿಸಿದ್ದಲ್ಲ. ಆ ಹೆಸರಿನಿಂದಲೇ ದಿನವೂ ಕೇಳುತ್ತಾಳೆ, ನೀವು ಯಾವಾಗ ಬರುತ್ತೀರಿ ಎಂದು.