ಮೂಗಿಗಾಗಿ ಒಂದು ಕಪ್ ಕೇಕ್

ಮಾರ್ಚ್ 6, ಬೆಳಿಗ್ಗೆ

ಇವತ್ತೂ ಕೇಕ್. ಮೈದಾ, ಸಕ್ಕರೆ, ಕೋಕೋ, ಚಿಟಿಕೆ ಬೇಕಿಂಗ್ ಪೌಡರ್, ಹಾಲು, ಎಣ್ಣೆ, ಕೊನೆಗೆ ವೆನಿಲಾ — ಎಲ್ಲ ಒಂದೇ ಕಾಫಿ ಕಪ್ಪಿನಲ್ಲಿ. ಚಮಚದಿಂದ ಗರಗರ ತಿರುಗಿಸಿ ಮೈಕ್ರೋವೇವ್‌ನಲ್ಲಿ ಇಟ್ಟರೆ ಒಂದೂವರೆ ನಿಮಿಷ. ಟಿಂಗ್. ನನ್ನ ಹೆಂಡತಿ ಕಣ್ಣು ಮುಚ್ಚಿ ಹಬೆಗೆ ಮೂಗು ಒಡ್ಡಿದಳು. ನಾನು ಅವಳ ಮುಖವನ್ನೇ ನೋಡುತ್ತಾ ನಿಂತೆ. ತಲೆ ಅಲ್ಲಾಡಿಸಿದಳು. ಇಲ್ಲ. ತಿನ್ನುವ ಕೆಲಸ ಮಾತ್ರ ನನ್ನದು. ಹೊಟ್ಟೆ ಬರುತ್ತಿದೆ.

ಅವಳಿಗೆ ಬಂದ ಜ್ವರ ಹೋಗುವಾಗ ವಾಸನೆಯನ್ನೂ ಕಟ್ಟಿಕೊಂಡು ಹೋಯಿತು. ಚೆನ್ನಾಗಿ ಪರಿಚಯವಿರುವ ವಾಸನೆಯನ್ನು ದಿನಾ ಮೂಸಬೇಕು, ಬಂದರೂ ಬರಬಹುದು ಎಂದಿದ್ದಾರೆ ಡಾಕ್ಟರ್. ಅವಳಿಗೆ ಕೇಕಿಗಿಂತ ಪರಿಚಯದ್ದು ಯಾವುದಿದೆ? ಕೇಕ್ ಫ್ಯಾಕ್ಟರಿಯಲ್ಲಿ ಟೇಸ್ಟರ್. ಅವಳು ಮೂಸಿ ‘ಹೂಂ’ ಅನ್ನದೆ ಒಂದು ಟ್ರೇ ಹೊರಗೆ ಹೋಗುತ್ತಿರಲಿಲ್ಲ. ಬೆಣ್ಣೆ ಹಳೆಯದಾಗಿದ್ದರೆ ಬಾಗಿಲಲ್ಲೇ ಹೇಳಿಬಿಡುತ್ತಿದ್ದಳು. ಅಲ್ಲಿ ಎಲ್ಲರಿಗೂ ಅವಳು ಮೂಗು ಮೇಡಂ. ನಾನು ಲಿಫ್ಟ್ ರಿಪೇರಿಯವನು. ವೈರ್ ಸುಟ್ಟರೂ ಹೊಗೆ ಕಂಡ ಮೇಲೇ ನನಗೆ ಗೊತ್ತಾಗುವುದು.

ಮಾರ್ಚ್ 9

ಇಲ್ಲ.

ಮಾರ್ಚ್ 10

ಇವತ್ತೂ ಇಲ್ಲ. ನನ್ನ ಮುಖ ಇಷ್ಟು ಸಣ್ಣದಾಗಿತ್ತಂತೆ. ಅವಳೇ ಬೆನ್ನು ತಟ್ಟಿ, ಟೂಲ್ ಬ್ಯಾಗ್ ಕೈಗೆ ಕೊಟ್ಟು ಕಳಿಸಿದಳು. ಯಾರಿಗೆ ಯಾರು ಸಮಾಧಾನ ಹೇಳಬೇಕೋ.

ಮಾರ್ಚ್ 14

ಬೆಳಿಗ್ಗೆ ಕೇಕ್ ಕಲಸಿದ್ದು ನಾನು. ಮೂಸಿದಳು. ಬಹಳ ಹೊತ್ತು. ಆಮೇಲೆ ನಿಧಾನವಾಗಿ —

“ಇವತ್ತು ಸ್ವಲ್ಪ ವೆನಿಲಾ ಬಂದ ಹಾಗಿದೆ ಕಣ್ರೀ.”

ಕುಣಿದುಬಿಟ್ಟೆ. ಮಂಡಿ ನೋವೂ ನೆನಪಾಗಲಿಲ್ಲ. ಅವಳೂ ನಕ್ಕಳು.

ಪಾತ್ರೆ ಪಗಡೆ ಎತ್ತಿಡುವಾಗ ನೋಡುತ್ತೇನೆ... ಹಳೆಯದು ಖಾಲಿ ಅಂತ ನಿನ್ನೆ ತಂದ ವೆನಿಲಾ ಬಾಟಲಿ. ಸೀಲ್ ಒಡೆದೇ ಇಲ್ಲ. ಹಾಕುವುದನ್ನೇ ಮರೆತಿದ್ದೆ.

ಬಾಟಲಿಯನ್ನು ಸಕ್ಕರೆ ಡಬ್ಬದ ಹಿಂದೆ ತಳ್ಳಿ ಕೆಲಸಕ್ಕೆ ಹೋದೆ. ನಾನು ಅವಳ ಮುಖ ನೋಡುತ್ತಿದ್ದೇನೆ ಅಂದುಕೊಂಡಿದ್ದೆ. ಅವಳು ನನ್ನ ಮುಖ ನೋಡುತ್ತಿದ್ದಳು. ಎಂಥ ಹೆಂಗಸು.

ಮಾರ್ಚ್ 21

ಬರೆಯಲು ಮನಸ್ಸಿರಲಿಲ್ಲ. ನಿನ್ನೆ ರಜೆ ಮುಗಿದು ಫ್ಯಾಕ್ಟರಿಗೆ ಹೋದಳು. ಬಣ್ಣ ನೋಡಿ, ಬೆರಳಿಂದ ಒತ್ತಿ, ಸುಮ್ಮನೆ ‘ಹೂಂ’ ಅಂದಿದ್ದರೆ ಒಂದು ನರಪಿಳ್ಳೆಗೂ ಗೊತ್ತಾಗುತ್ತಿರಲಿಲ್ಲ. ಇವಳು ನೆಟ್ಟಗೆ ಮ್ಯಾನೇಜರ್ ರೂಮಿಗೆ ಹೋಗಿ ಹೇಳಿಬಿಟ್ಟಳಂತೆ — “ಸಾರ್, ನನಗೇನೂ ವಾಸ್ನೆ ಗೊತ್ತಾಗ್ತಿಲ್ಲ. ನಾನು ಹೂಂ ಅಂದಿದ್ದನ್ನ ಯಾರದೋ ಮನೆ ಮಕ್ಳು ತಿಂತಾರೆ.”

ತಿಂಗಳ ಕೊನೆಯವರೆಗೆ ನೋಡೋಣ, ಆಗದಿದ್ದರೆ ಪ್ಯಾಕಿಂಗ್ ಅಂದರಂತೆ. ಮೂಗು ಮೇಡಂ ರಟ್ಟಿನ ಡಬ್ಬ ಮಡಚುವುದು!

ನನಗೆ ಸುಳ್ಳು, ಮ್ಯಾನೇಜರಿಗೆ ನಿಜ. ಎರಡಕ್ಕೂ ಎದೆ ಗಟ್ಟಿ ಇರಬೇಕು. ಎದುರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ, ಇಲ್ಲಿ ಬರೆದಿಡುತ್ತೇನೆ — ಅವಳ ಗಂಡ ಅಂತ ಹೇಳಿಕೊಳ್ಳಲು ನನಗೆ ಹೆಮ್ಮೆ.

ಮಾರ್ಚ್ 31, ಸಂಜೆ

ನಾಳೆಯಿಂದ ಪ್ಯಾಕಿಂಗ್. ಹೊಸ ಏಪ್ರನ್ ಕೊಟ್ಟಿದ್ದಾರೆ. ಜೇಬು ದೊಡ್ಡದಿದೆ, ನಿಮ್ಮನ್ನೂ ಹಾಕ್ಕೊಂಡು ಹೋಗಬಹುದು ಅಂತ ತಮಾಷೆ ಮಾಡಿದಳು. ಆಮೇಲೆ ಒಳರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಇವತ್ತು ಕೇಕ್ ಬೇಡವಂತೆ. ಕೇಳುವವರು ಯಾರು. ಕಲಸಿ ಮೈಕ್ರೋವೇವ್‌ನಲ್ಲಿ ಇಟ್ಟು ಬಂದಿದ್ದೇನೆ. ವೆನಿಲಾ ಎರಡು ಹನಿ ಜಾಸ್ತಿಯೇ. ಹಾಲ್‌ನಲ್ಲಿ ಕೂತು ಬರೆಯುತ್ತಿದ್ದೇನೆ. ಅದು ಅಡಿಗೆಮನೆಯಲ್ಲಿ ಗುಂಯ್ ಅನ್ನುತ್ತಲೇ ಇದೆ. ಇಷ್ಟು ಬರೆದರೂ ಟಿಂಗ್ ಇಲ್ಲ... ಗುಂಡಿ ಎಷ್ಟಕ್ಕೆ ತಿರುಗಿಸಿದೆನೋ —

ಒಳಗಿನಿಂದ ಕೂಗುತ್ತಿದ್ದಾಳೆ. “ರೀ, ಕೇಕ್ ಸೀದು ಹೋಗ್ತಿದೆ. ಏನ್ಮಾಡ್ತಿದೀರ ಅಲ್ಲಿ?”

ತಲೆ ಎತ್ತಿದರೆ ಅಡಿಗೆಮನೆ ಬಾಗಿಲಲ್ಲಿ ಹೊಗೆ. ನನಗೆ ಈಗ ಕಂಡಿತು. ಅವಳ ರೂಮಿನ ಬಾಗಿಲು ಹಾಕಿಯೇ ಇದೆ. ಅವಳಿಗೆ ಹೇಗೆ —